ತಂಬೂರಿಯಿಂದ ಚಿತ್ರಪಾಠ

ಚಿತ್ರಕಲೆಯ ಮೊದಲ ಪಾಠವು ಕೈಯದಲ್ಲ, ಕಣ್ಣಿನದು. ನಮ್ಮ ಮಿರಜದ ತಂಬೂರಿಯನ್ನೇ ನೋಡಿರಿ. ಅದರ ಬುರುಡೆಯು ಒಣಗಿಸಿದ ಸೋರೆಕಾಯಿ, ಒಂದರಂತೆ ಇನ್ನೊಂದಿರದು. ಆದುದರಿಂದ ಕುಶಲಕರ್ಮಿಯು ಮೊದಲು ಕಾಯಿಯ ಆಕಾರವನ್ನು ಪರೀಕ್ಷಿಸಿ, ಬಳಿಕ ಅದಕ್ಕೊಪ್ಪುವಂತೆ ಮರವನ್ನು ಕೆತ್ತುತ್ತಾನೆ.

ಬಾಲಕ ಬಾಲಿಕೆಯರೇ, ನೀವೂ ಹಾಗೆಯೇ ಮಾಡಿರಿ. ಕಾಗದದ ನಡುವೆ ನೇರವಾದ ಗೆರೆಯೊಂದನ್ನೆಳೆದು, ಅದರ ಎಡಬಲಗಳಲ್ಲಿ ಬುರುಡೆಯ ಅಗಲವನ್ನು ಗುರುತಿಸಿ, ತರುವಾಯ ಹೊರರೇಖೆಯನ್ನು ಬರೆಯಿರಿ. ಎರಡು ಪಾರ್ಶ್ವಗಳು ಸಮವಾಗಿರದಿದ್ದರೆ ತಿದ್ದದೆ ಇದ್ದಂತೆಯೇ ಬರೆಯಿರಿ. ಮೇಲಿನ ಅಲಂಕಾರದ ಎಲೆಯೊಂದನ್ನು ಆಯ್ದು, ಸಮಾನ ಅಂತರದಲ್ಲಿ ಪುನಃ ಪುನಃ ಬರೆದರೆ ಅಂದವಾದ ನಕ್ಷೆಯಾಗುವುದು.

ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಚಿತ್ರಪಾಠವು ಕಾಲಹರಣವೆಂದು ಭಾವಿಸುವ ಪಾಲಕರು ಗಮನಿಸಬೇಕು: ಈ ಕೀರ್ತಿಯನ್ನು ಗಳಿಸಿದ ಕೈಗಳು ಮೊದಲು ನೋಡಲು ಕಲಿತವು.