ಜಿಲ್ಲೆಯ ಗಡಿ ಮತ್ತು ಸಿದ್ದಿಗಳ ಹಕ್ಕು

ಹಳಿಯಾಳ, ಯಲ್ಲಾಪುರಗಳ ಕಾಡಿನಂಚಿನಲ್ಲಿ ನೆಲೆಸಿದ ಸಿದ್ದಿಗಳ ಪೂರ್ವಜರು ಆಫ್ರಿಕಾ ಖಂಡದವರು. ಬಹುಮಂದಿ ಪೋರ್ತುಗೀಜರ ಗೋವೆಗೆ ಗುಲಾಮರಾಗಿ ಬಂದವರು. ಹಿಂದೂ, ಮುಸಲ್ಮಾನ, ಕ್ರೈಸ್ತ ಈ ಮೂರೂ ಮತಗಳವರು ಅವರಲ್ಲುಂಟು. ನಮ್ಮ ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿಯೂ ಅವರ ಮನೆಗಳಿವೆ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳವರು ಸೇರಲು 2020ನೆಯ ಇಸವಿ ಬರಬೇಕಾಯಿತು. ಹದಿನೇಳು ವರುಷ! ಜನ ಒಂದೇ, ಬಡತನ ಒಂದೇ. ಗಡಿಯಾಚೆ ಇದ್ದ ಹಕ್ಕು ಈಚೆ ಇರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ, ಒಂದು ಪ್ರಮಾಣಪತ್ರದ ಬೆಲೆಯನ್ನು ಬಲ್ಲೆ. ಅದು ಶಿಷ್ಯವೇತನಕ್ಕೆ ಮಾತ್ರವಲ್ಲ, ಪಂಚಾಯತಿಯ ಮೀಸಲು ಸ್ಥಾನಕ್ಕೆ ನಿಲ್ಲಲೂ ಬೇಕು.

2020ರಲ್ಲಿಯೇ ಶ್ರೀ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶಿತರಾದರು. ಸಿದ್ದಿಗಳಲ್ಲಿ ಶಾಸನಸಭೆ ಪ್ರವೇಶಿಸಿದವರಲ್ಲಿ ಅವರೇ ಮೊದಲಿಗರು. ಸಂತೋಷದ ಸಂಗತಿಯೇ ಸರಿ. ಆದರೆ ನಾಮನಿರ್ದೇಶನವನ್ನು ಸರಕಾರ ಕೊಡುತ್ತದೆ, ಮತವನ್ನು ಜನ ಕೊಡುತ್ತಾರೆ. ಚದುರಿದ ಈ ಸಣ್ಣ ಸಮಾಜವು ತನ್ನ ಮತಗಳಿಂದಲೇ ಒಬ್ಬ ಶಾಸಕನನ್ನು ಆರಿಸಲಾರದು. ಮೀಸಲು ಸ್ಥಾನದಲ್ಲಿಯೂ ಅದೇ ಪಟ್ಟಿಯ ನಾಯಕರಂಥ ದೊಡ್ಡ ಸಮುದಾಯದೊಡನೆ ಸ್ಪರ್ಧಿಸಬೇಕು. ಅವರು ಒತ್ತಾಗಿ ವಾಸಿಸುವ ಹಳ್ಳಿಗಳ ಗ್ರಾಮ ಪಂಚಾಯತಿಯೇ ಸದ್ಯ ಅವರ ಮತಕ್ಕೆ ತೂಕ ಬರುವ ಠಾವು ಎಂದು ನನ್ನ ಅಭಿಪ್ರಾಯ.