ಮನೆಗೊಂದು ಸಾಲು, ಮಾರಾಟಕ್ಕೊಂದು ಸಾಲು: ಸಾವಯವ ಆಹಾರ ನಿಜಕ್ಕೂ ಒಳ್ಳೆಯದೇ?

(ಸ್ವಸಹಾಯ ಸಂಘಗಳ ಮತ್ತು ರೈತ ಕೂಟಗಳ ಸಭೆಗಾಗಿ ಈ ತಿಂಗಳ ಪಾಠ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಕೊನೆಯಲ್ಲಿ ಚರ್ಚೆಗೆ ಪ್ರಶ್ನೆಗಳಿವೆ.)



ಬದನೆ ಬೆಳೆಯುವ ಊರೊಂದರಲ್ಲಿ ಸಭೆ ಮುಗಿಸಿ ಹೊರಟಿದ್ದ ನಮ್ಮ ಕಾರ್ಯಕರ್ತೆಗೆ ಆ ಮನೆಯ ತಾಯಿಯೊಬ್ಬರು ನಾಲ್ಕು ಬದನೆಕಾಯಿ ಕೊಡಬೇಕೆಂದು ಎದ್ದರು. ಎದುರಿಗೇ ತೋಟ, ಗಿಡದ ತುಂಬ ಫಳಫಳ ಹೊಳೆಯುವ ಕಾಯಿ. ಆದರೆ ಅವರು ಹೋದದ್ದು ಹಿತ್ತಲ ಕಡೆಗೆ. "ಇಲ್ಲೇ ಇದೆಯಲ್ಲಮ್ಮ?" ಎಂದು ಕೇಳಿದರೆ, "ಅದು ಮಾರ್ಕೆಟ್ಟಿಗೆ ಮೇಡಂ, ನಿನ್ನೆ ತಾನೆ ಔಷಧಿ ಹೊಡೆದಿದ್ದೀವಿ. ಮನೆಗೆ ಅಂತ ಹಿಂದೆ ನಾಕು ಗಿಡ ಬೇರೆ ಇಟ್ಕೊಂಡಿದ್ದೀವಿ" ಎಂದರು.

ಆ ತಾಯಿ ಕೆಟ್ಟವರಲ್ಲ. ಕಾಯಿಕೊರಕ ಹುಳು ಬಿದ್ದ ಬದನೆಯನ್ನು ಮಂಡಿಯಲ್ಲಿ ಯಾರೂ ಕೊಳ್ಳುವುದಿಲ್ಲ, ತಂದ ಸಾಲ ತೀರಬೇಕು. ಇಂತಹ ಎರಡು ಸಾಲು ನಮ್ಮ ಎಷ್ಟೋ ಊರುಗಳಲ್ಲಿವೆ. 'ಸಾವಯವ ಆಹಾರ ಒಳ್ಳೆಯದೋ, ಅಲ್ಲವೋ' ಎಂಬ ಪ್ರಶ್ನೆಯನ್ನು ಈ ಎರಡು ಸಾಲುಗಳ ನಡುವೆ ನಿಂತುಕೊಂಡೇ ನೋಡೋಣ.

ಸಾವಯವ ಎಂದರೆ ಏನು?

ಯೂರಿಯಾ, ಡಿ.ಎ.ಪಿ.ಯಂತಹ ರಾಸಾಯನಿಕ ಗೊಬ್ಬರವಿಲ್ಲದೆ, ಕಾರ್ಖಾನೆಯ ಕೀಟನಾಶಕ, ಕಳೆನಾಶಕಗಳಿಲ್ಲದೆ, ಮಣ್ಣಿನ ಜೀವವನ್ನು ಬೆಳೆಸಿ ಬೆಳೆ ತೆಗೆಯುವುದು ಸಾವಯವ. ನಮ್ಮಲ್ಲಿ 'ನಾಟಿ' ಎಂದರೆ ಸಾವಯವ ಎಂದು ತಿಳಿದವರಿದ್ದಾರೆ. ಅದು ತಪ್ಪು. ನಾಟಿ ತಳಿಗೂ ಯೂರಿಯಾ ಹಾಕಿದರೆ ಅದು ಸಾವಯವವಲ್ಲ. ಸಾವಯವದಲ್ಲಿ ಸಿಂಪರಣೆಯೇ ಇಲ್ಲ ಎಂಬುದೂ ತಪ್ಪು. ಬೇವಿನ ಕಷಾಯ ಹೊಡೆಯುತ್ತಾರೆ. ಮೈಲುತುತ್ತದಿಂದ ಮಾಡಿದ ಬೋರ್ಡೊ ದ್ರಾವಣಕ್ಕೂ ಮಿತಿಯೊಳಗೆ ಅವಕಾಶವಿದೆ. ಹೊಲ ಸಾವಯವ ಎನಿಸಿಕೊಳ್ಳಲು ಸಾಮಾನ್ಯವಾಗಿ ಎರಡು ವರ್ಷ, ತೋಟದ ಬೆಳೆಗಳಿಗೆ ಮೂರು ವರ್ಷ ಕಾಯಬೇಕು.

1. ತಿಂದರೆ ಶಕ್ತಿ ಹೆಚ್ಚೇ?

ಈ ಬಗ್ಗೆ ವಿಜ್ಞಾನಿಗಳು ಸಾಕಷ್ಟು ಹುಡುಕಿದ್ದಾರೆ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ತಂಡ ನೂರಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿತು. ಸಾವಯವ ಆಹಾರ ಹೆಚ್ಚು ಪೌಷ್ಟಿಕ ಎನ್ನಲು ಬಲವಾದ ಪುರಾವೆ ಸಿಗಲಿಲ್ಲ ಎಂದಿತು. 2014ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ತಂಡ 343 ವರದಿಗಳನ್ನು ನೋಡಿ, ಆಂಟಿ-ಆಕ್ಸಿಡೆಂಟ್ ಎಂಬ ರಕ್ಷಕ ವಸ್ತುಗಳು ಸಾವಯವ ಬೆಳೆಯಲ್ಲಿ ಹೆಚ್ಚು, ಕ್ಯಾಡ್ಮಿಯಂ ಎಂಬ ಹಾನಿಕರ ಲೋಹ ಕಡಿಮೆ ಎಂದಿತು. ಅಂದರೆ ವ್ಯತ್ಯಾಸ ಇರಬಹುದು, ಆದರೆ ಅದು ದೊಡ್ಡದೆಂದು ಸಾಬೀತಾಗಿಲ್ಲ.

ಆದ್ದರಿಂದ 'ಸಾವಯವ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಕ್ಯಾನ್ಸರ್ ಬರುವುದಿಲ್ಲ' ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ದುಬಾರಿ ಸಾವಯವ ಕೊಳ್ಳಲು ಆಗುವುದಿಲ್ಲವೆಂದು ಸೊಪ್ಪು ತರಕಾರಿಯನ್ನೇ ಬಿಡಬೇಡಿ. ಮಕ್ಕಳಿಗೆ ದಿನವೂ ಸೊಪ್ಪು, ಕಾಳು, ಹಣ್ಣು ಸಿಗುವುದು ಎಲ್ಲಕ್ಕಿಂತ ಮುಖ್ಯ.

2. ತಟ್ಟೆಯಲ್ಲಿ ವಿಷ ಕಡಿಮೆಯೇ?

ಇಲ್ಲಿ ಉತ್ತರ ಸ್ಪಷ್ಟ: ಹೌದು, ಕಡಿಮೆ. ಮೇಲೆ ಹೇಳಿದ ಎರಡೂ ತಂಡಗಳು ಇದನ್ನು ಒಪ್ಪಿವೆ. ರಾಸಾಯನಿಕ ಬೆಳೆಯಲ್ಲಿ ಕೀಟನಾಶಕದ ಉಳಿಕೆ ಸುಮಾರು ನಾಲ್ಕು ಪಟ್ಟು ಹೆಚ್ಚು ಸಲ ಕಂಡುಬಂತು ಎಂದು 2014ರ ವರದಿ ಹೇಳುತ್ತದೆ. ಉಳಿಕೆ ಇದ್ದ ಮಾತ್ರಕ್ಕೆ ತಿಂದವರಿಗೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಪ್ರತಿ ಕೀಟನಾಶಕಕ್ಕೂ ಆಹಾರದಲ್ಲಿ ಇಷ್ಟೇ ಇರಬಹುದು ಎಂದು ಸರ್ಕಾರ ಮಿತಿ ಹಾಕಿದೆ. ಸರಿಯಾದ ಪ್ರಮಾಣದಲ್ಲಿ ಹೊಡೆದು, ಹೇಳಿದಷ್ಟು ದಿನ ಕಾದು ಕೊಯ್ದರೆ ಉಳಿಕೆ ಆ ಮಿತಿಯೊಳಗೆ ನಿಲ್ಲಬೇಕೆಂಬುದು ಲೆಕ್ಕ. ಆದರೆ ನಾವು ಹಾಗೆ ಮಾಡುತ್ತೇವೆಯೇ? ಮುಚ್ಚಳದ ಅಳತೆ ಬಿಟ್ಟು ಅಂದಾಜಿನಲ್ಲಿ ಸುರಿಯುವುದು, ಎರಡು ಮೂರು ಔಷಧಿ ಬೆರೆಸುವುದು, ಇವತ್ತು ಹೊಡೆದು ನಾಳೆ ಕೊಯ್ಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ತೊಳೆದರೆ ಹೋಗುವುದಿಲ್ಲವೇ ಎಂದು ತಾಯಂದಿರು ಕೇಳುತ್ತಾರೆ. ಸಿಪ್ಪೆಯ ಮೇಲಿನದು ಬಹಳಷ್ಟು ಹೋಗುತ್ತದೆ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯುವುದು, ಸಿಪ್ಪೆ ತೆಗೆಯುವುದು, ಬೇಯಿಸುವುದು ಒಳ್ಳೆಯದೇ. ಆದರೆ ಗಿಡದ ರಸದೊಳಗೆ ಸೇರುವ ಅಂತರ್ವ್ಯಾಪಿ ಕೀಟನಾಶಕ ಎಷ್ಟು ತೊಳೆದರೂ ಪೂರ್ತಿ ಹೋಗದು.

3. ಹೊಡೆಯುವವರ ಗತಿ?

ಪೇಟೆಯಲ್ಲಿ ಸಾವಯವದ ಮಾತು ಬಂದರೆ ತಿನ್ನುವವರ ಆರೋಗ್ಯದ ಮಾತೇ ಹೆಚ್ಚು. ನಿಜವಾಗಿ ಅತಿ ಹೆಚ್ಚು ವಿಷ ತಾಗುವುದು ತಿನ್ನುವವರಿಗಲ್ಲ. ಬೆನ್ನಿಗೆ ಪಂಪು ಹೊತ್ತು ಬರಿಮೈಯಲ್ಲಿ ಹೊಡೆಯುವವನಿಗೆ, ಅವನಿಗೆ ನೀರು ಹೊತ್ತು ಬೆರೆಸಿ ಕೊಡುವ ಹೆಂಡತಿಗೆ, ಮಾರನೇ ದಿನ ಅದೇ ಸಾಲಿನಲ್ಲಿ ಕಳೆ ಕೀಳುವ ಕೂಲಿಯ ಹೆಣ್ಣುಮಕ್ಕಳಿಗೆ.

ಎಂಡೋಸಲ್ಫಾನ್ ಕಥೆ ನೆನಪಿಸಿಕೊಳ್ಳಿ. ಕಾಸರಗೋಡಿನಲ್ಲಿ ಮತ್ತು ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಮುತ್ತ ಗೇರುತೋಪುಗಳ ಮೇಲೆ ಸುಮಾರು 20 ವರ್ಷ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸುರಿದರು. ಗೇರುಬೀಜ ತಿಂದವರು ದೂರದ ಊರುಗಳಲ್ಲಿದ್ದರು. ಅದರ ನೋವು ಉಂಡವರು ತೋಪಿನ ಪಕ್ಕದ ಬಡ ಮನೆಗಳವರು. ಅಂಗವೈಕಲ್ಯ, ಬುದ್ಧಿಮಾಂದ್ಯತೆಯ ಮಕ್ಕಳನ್ನು ಎತ್ತಿಕೊಂಡೇ ಬದುಕು ಕಳೆದ ತಾಯಂದಿರು ಅಲ್ಲಿದ್ದಾರೆ. ದೇಶದಲ್ಲಿ ಅದರ ಉತ್ಪಾದನೆ, ಮಾರಾಟ, ಬಳಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ.

ನಾವು ವಿಷವನ್ನು 'ಔಷಧಿ' ಎಂದು ಕರೆಯುತ್ತೇವೆ. ಆ ಹೆಸರೇ ನಮ್ಮ ಭಯವನ್ನು ಕಳೆದುಬಿಟ್ಟಿದೆ. ಆದ್ದರಿಂದ ಸಾವಯವ ಒಳ್ಳೆಯದೇ ಎಂದು ಕೇಳಿದರೆ ನಮ್ಮ ಮೊದಲ ಉತ್ತರ ಇದು: ಬೆಳೆಯುವವರಿಗೆ ಒಳ್ಳೆಯದು, ಮಣ್ಣು ನೀರಿಗೆ ಒಳ್ಳೆಯದು. ತಿನ್ನುವವರಿಗೂ ಒಳ್ಳೆಯದು, ಆದರೆ ಅದು ಆಮೇಲಿನ ಮಾತು.

ಎಚ್ಚರಿಕೆಯ ಮಾತು

ಸಾವಯವ ಎಂದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವಲ್ಲ. 2011ರಲ್ಲಿ ಜರ್ಮನಿಯಲ್ಲಿ ಸಾವಯವ ತೋಟವೊಂದರ ಮೊಳಕೆಕಾಳಿನಿಂದ ಇ-ಕೋಲಿ ರೋಗಾಣು ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ಮೆಂತ್ಯದ ಬೀಜದಲ್ಲೇ ರೋಗಾಣು ಬಂದಿತ್ತೆಂದು ತನಿಖೆ ಹೇಳಿತು. ಹಸಿ ಸಗಣಿಯಲ್ಲೂ ಇಂತಹ ರೋಗಾಣು ಇರುತ್ತವೆ. ಕೊಯ್ಯುವ ಹಂತದ ಸೊಪ್ಪಿನ ಮೇಲೆ ಸಗಣಿ ನೀರು ಎರಚಬೇಡಿ. ಗೊಬ್ಬರ ಚೆನ್ನಾಗಿ ಕೊಳೆತಿರಲಿ.

ಇಳುವರಿಯ ಮಾತನ್ನೂ ಮುಚ್ಚಿಡಬಾರದು. 2012ರಲ್ಲಿ ಬಂದ ಒಂದು ದೊಡ್ಡ ಹೋಲಿಕೆಯ ಪ್ರಕಾರ ಸಾವಯವದಲ್ಲಿ ಇಳುವರಿ ಬೆಳೆ ಮತ್ತು ಪದ್ಧತಿಗೆ ತಕ್ಕಂತೆ ಶೇಕಡಾ 5ರಿಂದ 34ರಷ್ಟು ಕಡಿಮೆ. ನೆರೆಯ ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರವನ್ನು ಒಮ್ಮೆಲೇ ನಿಲ್ಲಿಸಿತು. ಭತ್ತದ ಬೆಳೆ ಕುಸಿಯಿತು, ರೈತರು ಬೀದಿಗಿಳಿದರು, ಅದೇ ವರ್ಷ ನವೆಂಬರಿನಲ್ಲಿ ಸರ್ಕಾರ ಆದೇಶ ಹಿಂದೆ ತೆಗೆದುಕೊಂಡಿತು. ಸೊರಗಿದ ಮಣ್ಣು ಒಂದೇ ರಾತ್ರಿಯಲ್ಲಿ ಎದ್ದು ನಿಲ್ಲುವುದಿಲ್ಲ. ಇರುವ ಒಂದು ಎಕರೆಯನ್ನೂ ಒಮ್ಮೆಲೇ ಬದಲಾಯಿಸಿ ಸಾಲಕ್ಕೆ ಬೀಳಿರಿ ಎಂದು ನಾವು ಹೇಳುವುದಿಲ್ಲ.

ನಮ್ಮಿಂದ ಏನಾದೀತು?

• ಮೊದಲು ಮೂಲೆಯ ಐದು ಗುಂಟೆಯಲ್ಲಿ ಪ್ರಾರಂಭಿಸಿ. ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಹೊಂಗೆ ಸೊಪ್ಪು ಹಾಕಿ. ಎರಡು ವರ್ಷ ಲೆಕ್ಕ ಬರೆದಿಡಿ. ಲಾಭವಾದರೆ ಹೆಚ್ಚಿಸಿ.

• ಬದನೆಯಲ್ಲಿ ಬಾಡಿದ ಕುಡಿಗಳನ್ನು ವಾರಕ್ಕೊಮ್ಮೆ ಚಿವುಟಿ ಸುಟ್ಟುಹಾಕಿ, ಹುಳು ಅದರೊಳಗೇ ಇರುತ್ತದೆ. ಮೋಹಕ ಬಲೆ ಕಟ್ಟಿ. 5 ಕಿಲೋ ಬೇವಿನ ಬೀಜದ ಪುಡಿಯನ್ನು 10 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರ್ ಮಾಡಿ, ಸ್ವಲ್ಪ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ.

• ರಾಸಾಯನಿಕ ಹೊಡೆಯಲೇಬೇಕಾದರೆ ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ಬಟ್ಟೆ ಇರಲಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಬಸುರಿ, ಬಾಣಂತಿಯರು, ಮಕ್ಕಳು ಹತ್ತಿರ ಬರಬಾರದು. ಖಾಲಿ ಡಬ್ಬದಲ್ಲಿ ನೀರು, ಎಣ್ಣೆ ತುಂಬಿಡಬೇಡಿ.

• ಐದು ಜನ ರೈತರು ಸೇರಿದರೆ ಪಿ.ಜಿ.ಎಸ್. ಎಂಬ ಗುಂಪು ಪ್ರಮಾಣಪತ್ರಕ್ಕೆ ಸೇರಬಹುದು. ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಾಕ್ಷಿ ಹೇಳುವ ಪದ್ಧತಿ ಇದು. ಖರ್ಚು ಕಡಿಮೆ. ನಂಬಿಕೆಯೇ ಇದರ ಬಂಡವಾಳ, ಒಬ್ಬರು ಕದ್ದು ಹೊಡೆದರೆ ಐವರ ಹೆಸರೂ ಹೋಗುತ್ತದೆ.

• ಜಾಗವಿಲ್ಲದವರು ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವಲ್ಲಿ ನುಗ್ಗೆ, ಬಸಳೆ, ಪಪ್ಪಾಯಿ ಹಾಕಿ. ಬಡವರಿಗೆ ಅತಿ ಅಗ್ಗದ ಸಾವಯವ ಎಂದರೆ ಕೈತೋಟ.

ನಂಬಿಕೆಯ ಬೆಳಕಿನಲ್ಲಿ

ತೋಟವನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ದೇವರು ಮನುಷ್ಯನನ್ನು ಇರಿಸಿದರೆಂದು ಆದಿಕಾಂಡ (2:15) ತಿಳಿಸುತ್ತದೆ. ನಾವು ಮಾಡುವುದನ್ನು ಕಲಿತೆವು, ಕಾಯುವುದನ್ನು ಮರೆತೆವು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಭೂಮಿಯ ಕುರಿತು ಬರೆದ ವಿಶ್ವಪತ್ರದಲ್ಲಿ ಭೂಮಿಯ ಕೂಗು ಮತ್ತು ಬಡವರ ಕೂಗು ಎರಡನ್ನೂ ಒಟ್ಟಿಗೇ ಕೇಳಬೇಕೆಂದು ಕರೆ ಕೊಟ್ಟರು. ಇತರರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ನಾವು ಅವರಿಗೆ ಮಾಡಬೇಕೆಂದು ಯೇಸುಸ್ವಾಮಿ ಕಲಿಸಿದರು (ಮತ್ತಾಯ 7:12). ಯಾವ ಧರ್ಮದವರಾದರೂ ಒಪ್ಪುವ ಮಾತಿದು. ಮಾರ್ಕೆಟ್ಟಿನಲ್ಲಿ ನಮ್ಮ ಬದನೆ ಕೊಳ್ಳುವವಳೂ ಒಬ್ಬ ತಾಯಿ. ನಾವು ಪೇಟೆಯಲ್ಲಿ ಕೊಳ್ಳುವ ಟೊಮೆಟೊ, ಕೋಸು ಬೇರೆ ಯಾರದೋ 'ಮಾರಾಟದ ಸಾಲಿನಿಂದ' ಬಂದದ್ದು.

ಎರಡು ಸಾಲು ಒಂದೇ ದಿನದಲ್ಲಿ ಒಂದಾಗಲಾರದು. ಆದರೆ ಪ್ರತಿ ಬೆಳೆಗೂ ಒಂದು ಸಿಂಪರಣೆ ಕಡಿಮೆಯಾಗಲಿ, ಮನೆಯ ಸಾಲು ಪ್ರತಿ ವರ್ಷ ಒಂದಡಿ ಮುಂದೆ ಹೋಗಲಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಮನೆಗೆ ಬೇರೆ, ಮಾರಾಟಕ್ಕೆ ಬೇರೆ ಬೆಳೆಯುವ ರೂಢಿ ಇದೆಯೇ? ಯಾಕೆ?
2. ಕಳೆದ ಬೆಳೆಗೆ ಎಷ್ಟು ಸಲ ಹೊಡೆದಿರಿ, ಎಷ್ಟು ಖರ್ಚಾಯಿತು? ಹೊಡೆದ ಮೇಲೆ ತಲೆಸುತ್ತು, ವಾಂತಿ, ಕಣ್ಣುರಿ ಯಾರಿಗೆ ಬಂದಿತ್ತು?
3. ಮುಂದಿನ ಹಂಗಾಮಿನಲ್ಲಿ ಯಾವ ಒಂದು ಸಿಂಪರಣೆ ಬಿಡಬಹುದು? ಅದರ ಬದಲು ಏನು ಮಾಡೋಣ?
4. ಸಂಘದಿಂದ ಯಾವ ಐದು ಮನೆಗಳು ಸೇರಿ ಐದೈದು ಗುಂಟೆಯಲ್ಲಿ ಪ್ರಾರಂಭಿಸಬಹುದು? ಹೆಸರುಗಳನ್ನು ಇಂದೇ ಸಭೆಯ ಪುಸ್ತಕದಲ್ಲಿ ಬರೆಯಿರಿ.