ತೊಳೆಯುವ ಮೊದಲು ನೋಡಿ: ಔಟ್‌ಬೋರ್ಡ್ ಇಂಜಿನ್ ಬಿಚ್ಚುವವರಿಗೆ

ನಮ್ಮ ಕರಾವಳಿಯ ನಾಡದೋಣಿಗಳ ಟೂ-ಸ್ಟ್ರೋಕ್ ಔಟ್‌ಬೋರ್ಡ್‌ಗಳಲ್ಲಿ ಹೆಚ್ಚಿನವು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ದಡ ಸೇರಿದಾಗ ಕಡಲಿಗಿಳಿಯುವುದು ಇವೇ. ಹಾಗಾಗಿ ಮೇ ತಿಂಗಳಲ್ಲಿ ಎಲ್ಲರಿಗೂ ಅವಸರ.

1. ಬಿಚ್ಚಿದ ಕೂಡಲೇ ಪೆಟ್ರೋಲ್ ಬಕೆಟ್ಟಿಗೆ ಹಾಕಬೇಡಿ. ಪಿಸ್ಟನ್‌ಗಳ ತಲೆಯನ್ನು ಒಟ್ಟಿಗಿಟ್ಟು ನೋಡಿ. ಉಳಿದವು ಕಪ್ಪಾಗಿದ್ದು ಒಂದು ಮಾತ್ರ ಉಜ್ಜಿ ತೊಳೆದಂತೆ ಹೊಳೆಯುತ್ತಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ ಎಂದೇ ಅನುಮಾನಿಸಬೇಕು. ಹೆಡ್ ಗ್ಯಾಸ್ಕೆಟ್ ನೋಡಿ, ಬಿರುಕು ಹುಡುಕಿ. ತೊಳೆದ ಮೇಲೆ ಎಲ್ಲವೂ ಹೊಳೆಯುತ್ತವೆ!

2. ಪಿಸ್ಟನ್ ಗೀರಿದೆಯೇ ಎಂಬುದಕ್ಕಿಂತ ಯಾವ ಪಿಸ್ಟನ್ ಗೀರಿದೆ ಎಂಬುದು ಮುಖ್ಯ. ಎಲ್ಲವೂ ಒಂದೇ ರೀತಿ ಗೀರಿದ್ದರೆ ಆಯಿಲ್ ಮಿಶ್ರಣ ಅಥವಾ ನೀರಿನ ಪಂಪಿನ ಕಡೆ ಹೋಗಿ. ಒಂದೇ ಕೆಟ್ಟಿದ್ದರೆ ಅದರ ಕಾರ್ಬುರೇಟರ್ ಜೆಟ್ ಕಟ್ಟಿರಬಹುದು. ಮೇಲಿನ ಸಿಲಿಂಡರ್ ಮಾತ್ರವಾದರೆ ನಾನು ಕ್ರ್ಯಾಂಕಿನ ಮೇಲಿನ ಆಯಿಲ್ ಸೀಲನ್ನೂ ಬಿಡುವುದಿಲ್ಲ. ಅಲ್ಲಿ ಗಾಳಿ ಎಳೆದರೆ ಇಂಧನದ ಜೊತೆ ಬರುವ ಆಯಿಲ್ ಸಾಲುವುದಿಲ್ಲ. ಕಾರಣ ಹುಡುಕದೆ ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

3. ಸೀಮೆಎಣ್ಣೆಯಲ್ಲಿ ಕಾರ್ಬನ್ ಜಾಸ್ತಿ. ರಿಂಗ್ ಪಿಸ್ಟನ್ನಿನ ಗ್ರೂವ್‌ನಲ್ಲೇ ಕಚ್ಚಿಕೊಂಡಿರುತ್ತದೆ. ಹಳೆಯ ರಿಂಗ್ ಮುರಿದು ಅದರ ತುದಿಯಿಂದಲೇ ಕೆರೆಯಿರಿ. ರಿಂಗ್ ತಿರುಗದಂತೆ ತಡೆಯುವ ಪುಟ್ಟ ಪಿನ್ ಅಲ್ಲಾಡಿದರೆ ಆ ಪಿಸ್ಟನ್ ಬೇಡ. ಹೊಸ ರಿಂಗನ್ನು ಬೋರಿಗಿಳಿಸಿ, ಪಿಸ್ಟನ್‌ನಿಂದ ನೇರಕ್ಕೆ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ.

4. ಬೋರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆಯಬೇಕು. ಬೆರಳು ಸವರಿ ಹೇಳುವ ಲೆಕ್ಕ ನಂಬಬೇಡಿ, ಹೇಳುವವರು ಎಷ್ಟೇ ಹಳಬರಿರಲಿ.

5. ಅಲೆಗೆ ಸಿಕ್ಕಿ ಮುಳುಗಿದ ಇಂಜಿನ್ ಆದರೆ ಕ್ರ್ಯಾಂಕ್ ಪಿನ್ನನ್ನು ಬಿಸಿಲಿಗೆ ಹಿಡಿದು ತಿರುಗಿಸಿ. ಸೂಜಿ ಬೇರಿಂಗ್ ಕೂತಿದ್ದಷ್ಟೇ ಅಂತರದಲ್ಲಿ ಸಾಲಾಗಿ ಕಪ್ಪು ಗೆರೆಗಳು ಕಂಡರೆ ಅದು ಉಪ್ಪುನೀರಿನ ತುಕ್ಕು. ಬಟ್ಟೆಯಿಂದ ಒರೆಸಿದರೆ ಗೆರೆ ಮಸುಕಾಗುತ್ತದೆ, ಗುಳಿ ಹೋಗುವುದಿಲ್ಲ. ಹೊಸ ಬೇರಿಂಗ್ ಆ ಗುಳಿಗಳ ಮೇಲೆ ಬಾಳುವುದಿಲ್ಲ. ರಾಡಿನ ದೊಡ್ಡ ತುದಿ ನೀಲಿಗಟ್ಟಿದ್ದರೆ ಅದು ಕಾದಿದೆ, ಮತ್ತೆ ಹಾಕಬೇಡಿ.

6. "ಇಂಪೆಲ್ಲರ್ ಮೊನ್ನೆಯಷ್ಟೇ ಹಾಕಿದ್ದು ಮಾರಾಯ್ರೆ" ಎಂದರೆ ಹಳೆಯದರ ಎಸಳು ಎಷ್ಟು ಉಳಿದಿತ್ತು ಎಂದು ಕೇಳಿ. ಮುರಿದ ರಬ್ಬರ್ ತುಂಡು ನೀರಿನ ಕೊಳವೆಯಲ್ಲೋ ಬ್ಲಾಕಿನ ಒಳದಾರಿಯಲ್ಲೋ ಕೂತು, ಪಂಪು ಸರಿ ಇದ್ದರೂ ಇಂಜಿನ್ ಕಾಯಿಸುತ್ತದೆ.

7. ಗೇರ್ ಆಯಿಲ್ ಹಾಲಿನಂತಾಗಿದ್ದರೆ ಪ್ರೊಪೆಲ್ಲರ್ ತೆಗೆದು ಹಿಂದೆ ನೋಡಿ. ಬಲೆಯ ನೂಲು ಸುತ್ತಿ ಸೀಲ್ ಕೊಯ್ದಿರುತ್ತದೆ. ಸೀಲಿನ ಬೆಲೆ ಕಡಿಮೆ. ಆದರೆ ಅದು ಕೂರುವ ಜಾಗದಲ್ಲಿ ಶಾಫ್ಟಿಗೆ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಶಾಫ್ಟಿನ ಖರ್ಚನ್ನು ದೋಣಿಯವರಿಗೆ ಅಂದೇ ಹೇಳಿ, ಜೋಡಿಸಿದ ಮೇಲಲ್ಲ.